ಕೈಯಾಗಿನ ಅಂಜಿಕಿ

ಅವರ ಬೆನ್ನು ನೆಟ್ಟಗಿರಲಿಲ್ಲ. ಕುತ್ತಿಗೆಯ ಬುಡದಲ್ಲಿ ಎದ್ದು ಕಾಣುವ ಎಲುಬಿನ ಮೇಲೆ ಬೆರಳಿಟ್ಟು ಕೆಳಗೆ ಜಾರಿಸಿದರೆ, ಹೆಗಲ ಹಲಗೆಗಳ ನಡುವೆ ಬರುವಷ್ಟರಲ್ಲಿ ಬೆನ್ನೆಲುಬಿನ ಸಾಲು ಬಲಕ್ಕೆ ಹೊರಳುತ್ತಿತ್ತು. ಸೊಂಟದ ಹತ್ತಿರ ಮತ್ತೆ ಎಡಕ್ಕೆ ತಿರುಗಿ ಹೇಗೋ ಕೆಳಗೆ ಮುಟ್ಟುತ್ತಿತ್ತು. ಬಲ ಹೆಗಲು ಎಡಕ್ಕಿಂತ ಎತ್ತರ. ಬಲಗಡೆಯ ಪಕ್ಕೆಗಳು ಹಿಂದಕ್ಕೆ ಉಬ್ಬಿದ್ದರಿಂದ ಯಾವ ಕುರ್ತಾ ಹಾಕಿದರೂ ಅದು ಒಂದು ಕಡೆ ಮೇಲೆದ್ದೇ ಇರುತ್ತಿತ್ತು.

ಇದೆಲ್ಲ ನನಗೆ ಗೊತ್ತಾದದ್ದು ನನ್ನ ಬೆರಳಿನಿಂದ. ತೊರವಿಯ ಕಡೆ, ವಿಜಯಪುರದ ಹೊರಗಿದ್ದ ಫಿಜಿಯೋಥೆರಪಿ ಕಾಲೇಜಿನಲ್ಲಿ ನಮ್ಮ ಮೊದಲ ಪ್ರಾಕ್ಟಿಕಲ್ ಕ್ಲಾಸು. ಹುಡುಗಿಯರ ಬ್ಯಾಚು. ಮೇಡಂ ಒಳಗೆ ಬಂದರು, ಬಾಗಿಲು ಹಾಕಿದರು, ದುಪಟ್ಟಾ ತೆಗೆದು ಕುರ್ಚಿಯ ಮೇಲಿಟ್ಟು, ನಮ್ಮ ಕಡೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತರು.

“ಒಬ್ಬೊಬ್ಬರ ಬರ್ರಿ. ಮ್ಯಾಲಿಂದ ಕೆಳಗ ಬೆರಳ ಎಳೀರಿ. ಎಲ್ಲಿ ಸೊಟ್ಟ ಐತಿ ಅನ್ನೂದನ್ನ ಬಾಯಿಬಿಟ್ಟ ಹೇಳ್ರಿ. ನಂಗೇನೂ ಕೆಟ್ಟ ಅನ್ಸಂಗಿಲ್ಲ.”

ಸಾಲಿನಲ್ಲಿ ನಾನು ಕೊನೆಗೆ ನಿಂತೆ. ಜೈನಾಪುರದಲ್ಲಿ ತುಸು ಹೊಲ, ಒಂದಿಷ್ಟು ಕುರಿ ಇಟ್ಟುಕೊಂಡ ಮನೆಯವಳು ನಾನು. ಹೆತ್ತವ್ವನ ಬೆನ್ನು ಬಿಟ್ಟರೆ ಬೇರೆಯವರ ಮೈ ಮುಟ್ಟಿದವಳಲ್ಲ. ನನ್ನ ಸರದಿ ಬಂದಾಗ ಬೆರಳು ಬಟ್ಟೆಯ ಮೇಲೆ ನಿಲ್ಲಲೊಲ್ಲದು.

“ಯಾರಿದು, ಬೆರಳ ನಡಗಾಕತ್ತೈತಿ?” ಮೇಡಂ ಹೊರಳಿ ನೋಡದೆಯೇ ಕೇಳಿದರು.

“ನಾನ್ರಿ... ಜೈನಾಪುರ.”

ಗಾಬರಿಯಲ್ಲಿ ಹೆಸರಿನ ಬದಲು ಊರು ಹೇಳಿದ್ದೆ. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. “ಚಲೋ ಆತು. ಅಂಜಿಕಿ ಕೈಯಾಗ ಇರ್ಲಿ ಜೈನಾಪುರ. ಮಾರಿ ಮ್ಯಾಲ ಬರಬಾರದು, ಅಷ್ಟ,” ಎಂದರು. ಅವತ್ತಿನಿಂದ ಅವರ ಬಾಯಲ್ಲಿ ನಾನು ಜೈನಾಪುರವೇ ಆಗಿ ಉಳಿದೆ.

ಅವರು ವಿಜಯಪುರದವರೇ. ಅವರ ಅಜ್ಜನ ಕಾಲದಿಂದಲೂ ಮನೆತನದ್ದು ಸೈಕಲ್ ರಿಪೇರಿಯ ಅಂಗಡಿ. ಹುಡುಗಿ ದೊಡ್ಡವಳಾಗುವ ಹೊತ್ತಿಗೆ ಬೆನ್ನು ಬಾಗತೊಡಗಿತು. ಇನ್ನು ಈಕೆಯ ಲಗ್ನ ಆಗುವುದಿಲ್ಲ ಎಂದು ಓಣಿಯ ಹೆಂಗಸರು ಹೇಳಿದರಂತೆ. ಮಿರಜಿನ ಡಾಕ್ಟರರೊಬ್ಬರು ಎದೆಯಿಂದ ಸೊಂಟದವರೆಗೆ ಪ್ಲಾಸ್ಟರು ಹಾಕಿದ್ದರು. ಅದರೊಳಗೆ ಉಸಿರು ಸಿಕ್ಕಿಕೊಂಡು ಒದ್ದಾಡಿದ್ದನ್ನು ಅವರು ಒಮ್ಮೆ ಮಾತ್ರ ನನಗೆ ಹೇಳಿದ್ದರು. “ಉಸರ ಎಲ್ಲಿಂದ ಬರತೈತಿ, ಯಾವ ಎಲುಬ ಎತ್ತಬೇಕು, ಯಾವ ನರ ಜಗ್ಗಬೇಕು, ಎಲ್ಲಾ ನಾ ಆಗ ಕಲತೆ ನೋಡು. ಪುಸ್ತಕ ಓದಿದ್ದು ಆಮ್ಯಾಲ.” ಮದುವೆ ಆಗಲಿಲ್ಲ. ಗಂಡನನ್ನು ಕಳೆದುಕೊಂಡ ಅಕ್ಕನ ಜೊತೆ ಹಳೆಯ ಊರಿನ ಮನೆಯಲ್ಲಿ ಇದ್ದರು. ಅಕ್ಕನನ್ನು ಅವರು ಆಪಾ ಎನ್ನುತ್ತಿದ್ದರು. ನಾವೂ ಹಾಗೆಯೇ ಕರೆಯುತ್ತಿದ್ದೆವು.

ಕಾಲೇಜಿನಲ್ಲಿ ಹೆಣ ಇಟ್ಟು ಕಲಿಸುವ ಕೋಣೆಗೆ ಹೋದ ಮೊದಲ ದಿನ ನಾನು ಎರಡು ನಿಮಿಷವೂ ನಿಲ್ಲಲಾರದೆ ಹೊರಗೆ ಓಡಿ ಬಂದಿದ್ದೆ. ಔಷಧದ ಘಾಟು ಕಣ್ಣು ಉರಿಸಿತ್ತು ನಿಜ. ಆದರೆ ಓಡಿಸಿದ್ದು ಅದಲ್ಲ. ಮೇಜಿನ ಮೇಲಿದ್ದ ಮುದುಕನ ಅಂಗಾಲಿನಲ್ಲಿ ನಮ್ಮಪ್ಪನ ಅಂಗಾಲಿನಲ್ಲಿರುವಂಥದೇ ಬಿರುಕುಗಳಿದ್ದವು. ಮೇಡಂ ನನ್ನ ಹಿಂದೆಯೇ ಬಂದರು. ಬೈಯುತ್ತಾರೆ ಅಂದುಕೊಂಡೆ. ಅವರು ಉಳಿದ ಹುಡುಗಿಯರನ್ನೂ ಹೊರಗೆ ಕರೆದು, ಎಲ್ಲರನ್ನೂ ಗೇಟಿನ ಆಚೆ ಬಸ್ಸು ನಿಲ್ಲುವ ಕಡೆ ನಡೆಸಿಕೊಂಡು ಹೋದರು.

“ಒಳಗ ಮಲಗ್ಯಾರಲ್ಲ, ಆ ಹಿರ್ಯಾರು ತಮ್ಮದೆಲ್ಲಾ ನಮಗ ತೋರ್ಸ್ಯಾರ. ಒಂದ ತೋರ್ಸಾಕ ಆಗೂದಿಲ್ಲ ಅವರಿಗೆ. ನಡಿಯೂದು. ಅದನ್ನ ಇಲ್ಲಿ ನೋಡ್ರಿ.”

ಬಸ್ಸಿನಿಂದ ಇಳಿಯುವವರನ್ನು ನೋಡುತ್ತ ಅವರು ಕೇಳುತ್ತಿದ್ದರು: ಆ ಅಜ್ಜಿ ಯಾವ ಕಾಲು ಮೊದಲು ಇಳಿಸಿದಳು, ಯಾಕೆ? ಆ ಹುಡುಗ ಚೀಲ ಎಡಗೈಯಲ್ಲಿ ಹಿಡಿದು ಯಾವ ಕಡೆ ವಾಲುತ್ತಾನೆ? ವಾಲದಿದ್ದರೆ ಅವನ ಸೊಂಟದ ಯಾವ ಸ್ನಾಯು ಬಲಗುಂದಿರಬೇಕು? ನನ್ನ ಕಡೆ ತಿರುಗಿ, “ಕುರಿ ಕುಂಟಾಕತ್ರ ನಿಮ್ಮಪ್ಪಗ ಹ್ಯಾಂಗ ಗೊತ್ತಾಕ್ಕೈತಿ?” ಎಂದರು.

“ಅದರ ಹಿಂದ ನಾಕ ಹೆಜ್ಜಿ ನಡೀತಾನ್ರಿ.”

“ನಾವೂ ಅಷ್ಟ ಮಾಡೂದು. ನಡಿ ಈಗ, ಒಳಗ ಹೋಗಿ ಆ ಹಿರ್ಯಾರ ಕಾಲ ನೋಡೋಣ. ಅವರು ಹ್ಯಾಂಗ ನಡೀತಿದ್ರು ಅನ್ನೂದನ್ನ ಕಾಲ ಹೇಳತೈತಿ.”

ನಾನು ಒಳಗೆ ಹೋದೆ. ಹೆದರಿಕೆ ಹೋಗಿರಲಿಲ್ಲ, ಆದರೆ ಅದರ ಜೊತೆ ಒಂದು ಕೆಲಸ ಸಿಕ್ಕಿತ್ತು.

ಕಾಲೇಜಿನ ಕೆಲಸ ಮುಗಿಸಿ ಮೇಡಂ ಸಂಜೆ ಸೊಲ್ಲಾಪುರ ರಸ್ತೆಯಲ್ಲಿ ತಮ್ಮದೇ ಒಂದು ಸಣ್ಣ ಕ್ಲಿನಿಕ್ ನಡೆಸುತ್ತಿದ್ದರು. ಕೆಳಗೆ ಲೇತ್ ಮಷೀನಿನ ಅಂಗಡಿ, ಮೇಲೆ ಇವರ ಎರಡು ಕೋಣೆ. ಕೆಳಗೆ ಕಬ್ಬಿಣ ಕೊರೆಯುವಾಗ ಮೇಲೆ ಮಂಚ ಸಣ್ಣಗೆ ಗಡಗುಡುತ್ತಿತ್ತು. ಓದು ಮುಗಿದ ಮೇಲೆ ನಾನು ಅಲ್ಲಿಯೇ ಸೇರಿಕೊಂಡೆ. ಬಂದವರಿಗೆ ಅವರು ಮೊದಲು “ಎಲ್ಲಿ ನೋವು?” ಎಂದು ಕೇಳುತ್ತಿರಲಿಲ್ಲ. “ದಿನಾ ಏನ ಕೆಲಸ ಮಾಡ್ತೀರಿ? ಮಾಡಿ ತೋರಸ್ರಿ,” ಎನ್ನುತ್ತಿದ್ದರು. ಹೆಂಗಸರು ಬರಿಯ ಮೇಜಿನ ಮೇಲೆ ರೊಟ್ಟಿ ಬಡಿದು ತೋರಿಸುತ್ತಿದ್ದರು. ಟೆಂಪೋ ಡ್ರೈವರು ಇಲ್ಲದ ಕ್ಲಚ್ಚು ತುಳಿಯುತ್ತಿದ್ದ. ಮೇಡಂ ಅವರ ಹಿಂದೆ ನಿಂತು ಹೆಗಲಿನ ಮೇಲೊಂದು, ಸೊಂಟದ ಮೇಲೊಂದು ಕೈಯಿಟ್ಟು, ಕಣ್ಣು ಅರ್ಧ ಮುಚ್ಚಿ, ಯಾರೋ ದೂರದಿಂದ ಮಾತಾಡುವುದನ್ನು ಆಲಿಸುವವರ ಹಾಗೆ ನಿಲ್ಲುತ್ತಿದ್ದರು. ಲಕ್ವ ಹೊಡೆದು ಬೆರಳು ಏಳದವರ ಮುಂದೆ ಶೇಂಗಾ ಸುರಿದು ಸುಲಿಯಲು ಹಚ್ಚುತ್ತಿದ್ದರು. ಸುಲಿದದ್ದನ್ನು ತಾವೇ ತಿನ್ನುತ್ತಿದ್ದರು. “ಲಗೂ ಲಗೂ ಸುಲೀರಿ, ನಂಗ ಹಸಿವಿ ಆಗೈತಿ,” ಎಂದು ಗದರಿಸುತ್ತಿದ್ದರು.

ಕುತ್ತಿಗೆಯ ಪೇಶಂಟು ಬಂದರೆ ಮಾತ್ರ ಅವರ ನಗೆಚಾಟಿಕೆ ನಿಂತುಹೋಗುತ್ತಿತ್ತು. ನನಗೂ ಕುತ್ತಿಗೆ ಎಂದರೆ ಎದೆ ಹಾರುತ್ತಿತ್ತು. ಬೆರಳ ತುದಿಗೆ ಸಿಗುವ ಆ ಸಣ್ಣ ಸಣ್ಣ ಎಲುಬುಗಳ ನಡುವೆಯೇ ಕೈಕಾಲು, ಉಸಿರು ಎಲ್ಲವನ್ನೂ ನಡೆಸುವ ಹುರಿ ಇಳಿದಿರುತ್ತದೆ. ಪುಸ್ತಕದಲ್ಲಿ ಅದರ ಚಿತ್ರ ನೋಡಿದ ರಾತ್ರಿ ನಾನು ನನ್ನ ದಿಂಬನ್ನು ಎರಡು ಸಲ ಸರಿಮಾಡಿಕೊಂಡಿದ್ದೆ.

ಒಂದು ದಿನ ಟಿಕೋಟಾದಿಂದ ಗಟ್ಟಿಮುಟ್ಟಾದ ಆಳೊಬ್ಬ ಬಂದ. ದ್ರಾಕ್ಷಿ ತೋಟದಲ್ಲಿ ದುಡಿಯುವವನು. ಚಪ್ಪರದ ಕೆಳಗೆ ದಿನವಿಡೀ ತಲೆಯೆತ್ತಿ ನಿಂತು ಬಳ್ಳಿ ಕತ್ತರಿಸುವ ಕೆಲಸ. ಗೋಣು ಹಿಡಿದುಕೊಂಡು ಬಹಳ ದಿನ ಆಗಿತ್ತು. ಬಂದವನೇ, “ಹೆಚ್ಚಿಗಿ ಏನ ಬ್ಯಾಡ್ರಿ ಮೇಡಂ. ಒಂದ ಸಲ ಲಟಕ್ ಅನಿಸಿಬಿಡ್ರಿ, ಹಗರ ಆಕ್ಕೈತಿ,” ಎಂದ.

ಮೇಡಂ ಅವನ ಗೋಣಿಗೆ ಕೈ ಹಚ್ಚಲಿಲ್ಲ. ಕೋಣೆಯ ಉದ್ದಕ್ಕೆ ನಡೆದು ಬಾ ಎಂದರು. ಅವನು ನಡೆದ. ಕಾಲು ನೆಲಕ್ಕೆ ಅಂಟಿದಂತೆ, ಮೊಣಕಾಲು ಸಲೀಸಾಗಿ ಮಡಚದೆ. ಅಂಗಿಯ ಗುಂಡಿ ಬಿಚ್ಚಿ ಹಾಕು ಎಂದರು. ಎರಡನೆಯ ಗುಂಡಿಯಲ್ಲಿ ಅವನ ಬೆರಳು ತಡಕಾಡಿದವು. “ಇದೇನೋ ಇತ್ತೀಚಿಗೆ ಹಿಂಗ ಆಗೈತ್ರಿ. ಕತ್ರಿನೂ ಕೈಯಾಗಿಂದ ಬೀಳತೈತಿ,” ಎಂದು ನಾಚಿಕೊಂಡು ನಕ್ಕ. ಮೇಡಂ ಅವನ ನಡುಬೆರಳನ್ನು ಹಗುರಾಗಿ ಹಿಡಿದು ಅದರ ಉಗುರನ್ನು ಚಿಟಕ್ ಎಂದು ಕೆಳಗೆ ಸಿಡಿಸಿದರು. ಅವನ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಒಳಕ್ಕೆ ಜಿಗಿಯಿತು. ಇನ್ನೊಂದು ಕೈಯಲ್ಲೂ ಹಾಗೆಯೇ ಆಯಿತು.

ಮೇಡಂ ನನ್ನ ಕಡೆ ನೋಡಲಿಲ್ಲ. ನೋಡುವುದು ಬೇಕಾಗಿಯೂ ಇರಲಿಲ್ಲ. ಕುತ್ತಿಗೆಯೊಳಗೆ ಹುರಿಯ ಮೇಲೆ ಏನೋ ಒತ್ತುತ್ತಿತ್ತು.

“ನಾ ಇದನ್ನ ತಿರವಂಗಿಲ್ಲ,” ಎಂದರು. “ಯಾರೂ ತಿರವಬಾರದು. ಗೋಣಿಗೆ ಪಟ್ಟಾ ಹಾಕ್ತೇನಿ. ಫೋಟೋ ತಗಸಬೇಕು, ದೊಡ್ಡ ಡಾಕ್ಟರಿಗೆ ತೋರಸಬೇಕು. ಆಪರೇಶನ್ ಬೀಳಬಹುದು.”

ಆಪರೇಶನ್ ಅಂದದ್ದೇ ಅವನ ಮುಖ ಬಿಗಿಯಿತು. “ಗೋಣ ನೋವಿಗೆ ಆಪರೇಶನ್ ಏನ್ರಿ? ನಮ್ಮೂರಾಗ ಕಟಿಂಗ್ ಅಂಗಡ್ಯಾಂವ ದಾಡಿ ಮಾಡಿ ಹಂಗ ಒಂದ ಸಲ ಗೋಣ ತಿರವತಾನ, ಎರಡ ದಿನ ಆರಾಮ ಇರತೈತಿ. ಅಲ್ಲೇ ಹೋಗತೇನಿ ತಗೋರಿ.” ನಾನು ತಂದುಕೊಟ್ಟ ಕುತ್ತಿಗೆಯ ಪಟ್ಟಿಯನ್ನು ಮಂಚದ ಮೇಲೆ ಒಗೆದು ಮೆಟ್ಟಿಲಿಳಿದು ಹೋಗಿಯೇಬಿಟ್ಟ. ಮೇಡಂ ಹಿಂದೆಯೇ ಮೆಟ್ಟಿಲವರೆಗೆ ಓಡಿ ಕೂಗಿದರು. ಕೆಳಗಿನ ಮಷೀನಿನ ಸದ್ದಿನಲ್ಲಿ ಅದು ಅವನಿಗೆ ಕೇಳಿಸಿತೋ ಇಲ್ಲವೋ.

ಮೇಡಂ ಕಿಟಕಿಯ ಹತ್ತಿರ ನಿಂತರು. ಅವನು ರಸ್ತೆ ದಾಟಿ ಟಂಟಂ ಆಟೋ ಏರುವುದು ಕಾಣುತ್ತಿತ್ತು. ಒಳಗೆ ಇನ್ನೂ ಇಬ್ಬರು ಪೇಶಂಟುಗಳು ಕೂತಿದ್ದರು. ಮೇಡಂ ಅವರಿಗೆ ಕೈಮುಗಿದು, “ನಾಳಿ ಬರ್ರಿ, ತಪ್ಪ ತಿಳೀಬ್ಯಾಡ್ರಿ,” ಎಂದರು. ಆಮೇಲೆ ನನಗೆ, “ಪಟ್ಟಾ ತಗೋ. ಸ್ಕೂಟರ್ ಹಿಂದ ಕುಂಡರು,” ಎಂದರು.

ಮೇಡಂ ಸ್ಕೂಟರ್ ಹೊಡೆಯುತ್ತಿದ್ದದ್ದು ಎರಡೂ ಕಾಲು ನೆಲಕ್ಕೆ ಸವರಿಕೊಂಡು, ಎತ್ತಿನ ಬಂಡಿಗೂ ದಾರಿ ಬಿಡುತ್ತ. ಅವತ್ತು ಟಿಕೋಟಾದ ರಸ್ತೆಯಲ್ಲಿ ಅವರು ಲಾರಿಗಳನ್ನು ಹಿಂದೆ ಹಾಕಿದರು. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಆ ಸೊಟ್ಟ ಬೆನ್ನು ಗಾಳಿಗೆ ಎದುರಾಗಿ ಬಗ್ಗಿತ್ತು. ದಾರಿಯುದ್ದಕ್ಕೂ ನಾನು ನನ್ನಷ್ಟಕ್ಕೆ ಕೆಟ್ಟ ಕೆಟ್ಟದ್ದನ್ನೆಲ್ಲ ನೋಡುತ್ತಿದ್ದೆ: ಕುರ್ಚಿಯಲ್ಲಿ ಕೂತ ಆಳು ಲಟಕ್ ಎಂದ ಮರುಕ್ಷಣ ಗೋಣು ಚೆಲ್ಲಿ, ಕೈಕಾಲು ತನ್ನವಲ್ಲ ಎಂಬಂತೆ ಬಿದ್ದುಕೊಂಡಿರುವುದು; ಕಣ್ಣು ಮಾತ್ರ ಬಿಟ್ಟಿರುವುದು.

ಟಿಕೋಟಾದ ಬಸ್ ಸ್ಟ್ಯಾಂಡಿನ ಹತ್ತಿರ ಕೇಳಿದರೆ ಅಂಗಡಿ ಸುಲಭಕ್ಕೆ ಸಿಕ್ಕಿತು. ಗಾಜಿನ ಬಾಗಿಲು ತೆರೆದೇ ಇತ್ತು. ನಮ್ಮ ಆಳು ಕುರ್ಚಿಯಲ್ಲಿ ಕೂತಿದ್ದ. ಕೊರಳಿಗೆ ಬಿಳಿ ಅರಿವೆ, ಒಂದು ಕಿವಿಯ ಕೆಳಗೆ ಒರೆಸದೆ ಉಳಿದ ಸಾಬೂನಿನ ನೊರೆ. ಅಂಗಡಿಯವನು ಹಿಂದೆ ನಿಂತು ಒಂದು ಅಂಗೈಯನ್ನು ಅವನ ಗದ್ದಕ್ಕೆ, ಇನ್ನೊಂದನ್ನು ನೆತ್ತಿಗೆ ಕೊಟ್ಟು ತಲೆಯನ್ನು ಆಗಲೇ ಒಂದು ಕಡೆ ವಾಲಿಸಿಬಿಟ್ಟಿದ್ದ. ಇನ್ನು ಒಂದು ಜಗ್ಗು ಬಾಕಿ.

ನಾನು ಕೂಗಲು ಬಾಯಿ ತೆರೆದೆ. ಮೇಡಂ ಹಿಂದಕ್ಕೆ ಕೈ ಚಾಚಿ ನನ್ನ ಮಣಿಕಟ್ಟನ್ನು ಒತ್ತಿ ಹಿಡಿದರು. ಕೂಗಿದ್ದರೆ ಅಂಗಡಿಯವನು ಬೆಚ್ಚಿಬೀಳುತ್ತಿದ್ದ. ಬೆಚ್ಚಿದ ಕೈ ಏನು ಮಾಡುತ್ತಿತ್ತೋ ಆ ದೇವರಿಗೇ ಗೊತ್ತು.

ಮೇಡಂ ಒಳಗೆ ಹೋದರು. ಮದುವೆಗೆ ಕರೆಯಲು ಬಂದವರ ಹಾಗೆ, ಅಷ್ಟು ನಿಧಾನವಾಗಿ, ಅಷ್ಟು ಮೆತ್ತಗೆ: “ಅಣ್ಣಾರ, ಒಂದ ಮಾತ. ಹಂಗ ನಿಂದರ್ರಿ. ಕೈ ತಗೀಬ್ಯಾಡ್ರಿ, ತಿರವಬ್ಯಾಡ್ರಿ. ಇದ್ದ ಹಂಗ ಹಿಡಕೊಂಡಿರ್ರಿ.”

ಗಂಡಸರ ಅಂಗಡಿಯಲ್ಲಿ ಹೆಣ್ಣುಮಗಳ ದನಿ ಕೇಳಿ ಅವನು ಹಾಗೆಯೇ ನಿಂತುಬಿಟ್ಟ. ಮೇಡಂ ಅವನ ಎರಡೂ ಕೈಗಳ ಮೇಲೆ ತಮ್ಮ ಕೈಗಳನ್ನು ಇಟ್ಟರು. ಆ ನಾಲ್ಕು ಕೈಗಳೂ ಕೂಡಿ ಆ ತಲೆಯನ್ನು ಮೆಲ್ಲಗೆ ನಡುವಿಗೆ ತಂದವು. “ಈಗ ನೀವು ಬಿಡ್ರಿ, ನಾ ಹಿಡದೇನಿ,” ಎಂದರು. ಅವನು ಬಿಟ್ಟ. ನಾನು ಪಟ್ಟಿ ಕಟ್ಟಿದೆ. ಕಟ್ಟುವಾಗ ಆ ಆಳಿನ ಗಂಟಲು ನನ್ನ ಬೆರಳಿನ ಕೆಳಗೆ ಏರಿ ಇಳಿಯಿತು.

“ಏನ ನಡಸೀರಿ ನೀವು?” ಎಂದು ಆ ಆಳು ಸಿಟ್ಟಿಗೆದ್ದ. ಮೇಡಂ ಅವನ ಕೈ ಎತ್ತಿ, ಅವನ ಕಣ್ಣೆದುರಿಗೇ ಹಿಡಿದು, ನಡುಬೆರಳಿನ ಉಗುರು ಸಿಡಿಸಿದರು. ಹೆಬ್ಬೆರಳು ಜಿಗಿಯಿತು.

“ಇದನ್ನ ನೀ ಮಾಡಿದ್ಯಾ?”

“ಇಲ್ರಿ.”

ಇನ್ನೊಮ್ಮೆ ಸಿಡಿಸಿದರು. ಮತ್ತೆ ಜಿಗಿಯಿತು.

“ತಡದ ಹಿಡಿ ನೋಡೋಣ.”

ಅವನು ಹಲ್ಲು ಕಚ್ಚಿ ಹಿಡಿದ. ಹೆಬ್ಬೆರಳು ಅವನ ಮಾತು ಕೇಳಲಿಲ್ಲ. ಅವನ ಮುಖದ ಬಣ್ಣ ಇಳಿಯಿತು. ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ಕೂತ. ಅಂಗಡಿಯವನು ಗೋಡೆಗೆ ಒರಗಿದ್ದ. “ನಾ ಏನರ ಮಾಡೀನೇನ್ರಿ ಅಕ್ಕಾರ?” ಎಂದು ಕೇಳುವಾಗ ಅವನ ದನಿ ಒಡೆದಿತ್ತು.

“ಇಲ್ಲ. ನೀವು ನಾ ಅಂದ ಮಾತ ಕೇಳಿ ನಿಂತ್ರಲ್ಲ, ಅದ ದೊಡ್ಡದು,” ಎಂದರು ಮೇಡಂ.

ಹೊರಗೆ ಬಂದು ಸ್ಕೂಟರಿಗೆ ಕೀಲಿ ಹಾಕಲು ಹೋದರು. ಕೀಲಿ ತೂತಿಗೆ ಹೋಗಲಿಲ್ಲ. ಅಲ್ಲಿಯೇ ಕಟ್ಟೆಯ ಮೇಲೆ ಕೂತು ಎರಡೂ ಕೈಗಳನ್ನು ಮುಂದೆ ಚಾಚಿ ನನಗೆ ತೋರಿಸಿದರು. ಗಾಳಿಗೆ ಸಿಕ್ಕ ಎಲೆಯಂತೆ ನಡುಗುತ್ತಿದ್ದವು. “ಒಳಗ ಇದ್ದಾಗ ಇವು ಸುಮ್ಮನಿದ್ವು ನೋಡು,” ಎಂದು ಅಚ್ಚರಿಯಿಂದ ಹೇಳಿದರು. ಅವರೂ ನನ್ನಷ್ಟೇ ಹೆದರುತ್ತಾರೆ ಎಂದು ನನಗೆ ಅವತ್ತು ಗೊತ್ತಾಯಿತು.

ಆ ಆಳಿಗೆ ಆಪರೇಶನ್ ಆಯಿತು. ಕಾಲಿನ ಬಿಗಿತ ಪೂರ್ತಿ ಹೋಗಲಿಲ್ಲ, ಆದರೆ ನಮ್ಮಲ್ಲಿಗೆ ತಾನೇ ನಡೆದು ಬರುತ್ತಿದ್ದ. ಅಂಗಿಯ ಗುಂಡಿ ಕೊನೆಯವರೆಗೆ ತಾನೇ ಹಾಕಿಕೊಂಡ ದಿನ ಮೇಡಂ ಕೆಳಗಿನ ಲೇತ್ ಅಂಗಡಿಯವರಿಗೂ ಚಹಾ ತರಿಸಿದರು.

ಅದಾದ ಮೇಲೆ ಕೆಲವು ವರ್ಷ ನಾವು ನೆಮ್ಮದಿಯಿಂದ ಕೆಲಸ ಮಾಡಿದೆವು. ಯಾವಾಗ ಶುರುವಾಯಿತೋ ನನಗೆ ಗೊತ್ತಿಲ್ಲ. ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಡು ಎನ್ನತೊಡಗಿದರು. ಬಿಗಿದ ಬೆನ್ನನ್ನು ಒತ್ತುವ ಕೆಲಸ ಬಂದರೆ, “ನೀ ಮಾಡು, ನಾ ನೋಡತೇನಿ,” ಎಂದು ಹಿಂದೆ ಸರಿಯುತ್ತಿದ್ದರು. ವಯಸ್ಸು ಅಂದುಕೊಂಡೆ. ಅಂದುಕೊಳ್ಳಲು ಹಟ ಹಿಡಿದೆ ಅನ್ನುವುದು ಸರಿ. ಒಂದು ಶುಕ್ರವಾರ ಸಂಜೆ, ಪೇಶಂಟುಗಳಿಲ್ಲದ ಹೊತ್ತು, ಬಾಗಿಲು ಮುಂದೆ ಮಾಡಿ ಬಂದು ಪೇಶಂಟಿನ ಸ್ಟೂಲಿನ ಮೇಲೆ ಕೂತರು.

“ನಾ ಬಬಲೇಶ್ವರದಿಂದ ಬಂದ ಹೆಣ್ಮಗಳು. ನೀ ಡಾಕ್ಟರು. ಶುರು ಮಾಡು.”

ನಾನು ನಕ್ಕೆ. ಅವರು ನಗಲಿಲ್ಲ.

“ಏನ ಕೆಲಸ ಮಾಡ್ತೀರಿ?” ಎಂದೆ.

“ಕೈಲೆ ಮಾಡೂ ಕೆಲಸರಿ. ಇತ್ತೀಚಿಗೆ ಕೈ ಆಗವಲ್ದು.”

ಅವರ ಕೈ ತೆಗೆದುಕೊಂಡೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಉಬ್ಬಿರಬೇಕಾದ ಮಾಂಸ ಒಳಗೆ ಇಳಿದುಹೋಗಿ, ಅಲ್ಲಿ ನನ್ನ ಬೆರಳು ಕೂರುವಷ್ಟು ತಗ್ಗು. ತೋಳಿನ ಬಟ್ಟೆ ಮೇಲೇರಿಸಿದೆ. ಚರ್ಮದ ಕೆಳಗೆ, ಅವರು ಕೈಯನ್ನು ಸುಮ್ಮನೆ ತೊಡೆಯ ಮೇಲಿಟ್ಟುಕೊಂಡಿದ್ದಾಗಲೇ, ಸ್ನಾಯು ಅಲ್ಲಲ್ಲಿ ಪುಟಪುಟ ಮಿಡಿಯುತ್ತಿತ್ತು. ಹಳ್ಳದ ನೀರಿನ ಕೆಳಗೆ ಸಣ್ಣ ಮೀನು ಹೊರಳಿದ ಹಾಗೆ. ನೋವಿದೆಯೇ ಎಂದರೆ ಇಲ್ಲ ಎಂದರು. ಜೋಮು ಹಿಡಿಯುತ್ತದೆಯೇ ಎಂದರೆ ಅದೂ ಇಲ್ಲ. ಇದೆ ಅಂದಿದ್ದರೆ, ಎಲ್ಲೋ ನರ ಒತ್ತಿದೆ, ವಾಸಿಯಾಗುತ್ತದೆ ಎಂದು ನಾನು ಎಷ್ಟು ಸಂತೋಷಪಡುತ್ತಿದ್ದೆ! ಒಂದೊಂದು ‘ಇಲ್ಲ’ಕ್ಕೂ ಒಂದೊಂದು ಬಾಗಿಲು ಮುಚ್ಚುತ್ತ ಬಂತು. ಇನ್ನು ಒಂದೇ ಉಳಿದಿತ್ತು. ಅದನ್ನು ಕೇಳಲು ನನಗೆ ಬಾಯಿ ಬರಲಿಲ್ಲ.

“ನಾಲಿಗಿ... ನಾಲಿಗಿ ತಗೀರಿ.”

ತೆಗೆದರು. ನಾಲಿಗೆಯ ಅಂಚಿನಲ್ಲೂ ಅದೇ ಮಿಡಿತ.

ನನ್ನ ಕಣ್ಣು ತುಂಬಿ ಏನೂ ಕಾಣದಾಯಿತು. ಆಗಲೂ ಅವರು ಬಬಲೇಶ್ವರದ ಹೆಣ್ಣುಮಗಳಾಗಿಯೇ ಉಳಿದರು. “ಯಾಕ್ರಿ ಡಾಕ್ಟ್ರ, ಪೇಶಂಟಿನ ಎದರಿಗೆ ಅಳ್ತಾರೇನ್ರಿ? ನಂಗ ಏನ ಆಗೈತಿ ಹೇಳ್ರಿ. ನಂಗ ಹೇಳಾಕ ಮನಿಯಾಗ ಯಾರೂ ಇಲ್ರಿ.”

ನಾನು ಹೇಳಿದೆ. ನರಗಳು ಒಣಗುತ್ತ ಹೋಗುತ್ತವೆ ಎಂದೆ. ಕೈ, ಆಮೇಲೆ ಕಾಲು, ಆಮೇಲೆ ನುಂಗುವುದು, ಮಾತು, ಉಸಿರು. ಬುದ್ಧಿ ಹಾಗೆಯೇ ಇರುತ್ತದೆ ಎಂದೆ. ಔಷಧ ಇದೆಯೇ ಎಂದು ಕೇಳಿದರು. ತಡೆಯುವಂಥದು ಇಲ್ಲ ಎಂದೆ. ಅವರು ತಲೆಯಾಡಿಸಿ, ತೋಳಿನ ಬಟ್ಟೆ ಇಳಿಸಿಕೊಂಡರು.

“ಸೊಲ್ಲಾಪುರದಾಗ ತೋರಿಸೇನಿ. ಅವರೂ ಇದನ್ನ ಅಂದ್ರು,” ಎಂದರು, ಈಗ ತಮ್ಮ ದನಿಯಲ್ಲಿ. “ಮಷೀನ್ ಹೇಳಿದ್ದು ಬ್ಯಾರೆ ಬೇ. ನಂಗ ಒಂದ ಗುರ್ತಿನ ಕೈ ಹೇಳಬೇಕಿತ್ತು.”

ಆಮೇಲಿನ ದಿನಗಳಲ್ಲಿ ಕ್ಲಿನಿಕ್ ನನ್ನ ಪಾಲಿಗೆ ಬಂತು. ಬೀಗ ಹಾಕಿದ ಮೇಲೆ ಅವರ ಮನೆಗೆ ಹೋಗುತ್ತಿದ್ದೆ. ಆ ಓಣಿಗೆ ತಿರುಗುವ ತಿರುವಿನಲ್ಲಿ ದಿನಾ ನನಗೆ ಅದೇ ಯೋಚನೆ. ನಿನ್ನೆ ಎದ್ದಿದ್ದ ಮೊಣಕೈ ಇವತ್ತು ಏಳುತ್ತದೋ ಇಲ್ಲವೋ. ಹೋದ ಕೂಡಲೇ ಅವರು ಕೇಳುವುದು ಅದನ್ನೇ: “ನೋಡು ಜೈನಾಪುರ, ಇವತ್ತ ಯಾವದ ಹೋತು?” ನಾನು ತೋಳು, ತೊಡೆ, ಮೀನಖಂಡ ಮುಟ್ಟಿ ನೋಡಿ ಹೇಳಬೇಕು. ಒಮ್ಮೆ, “ನಿನ್ನಿ ಇದ್ದಂಗ ಐತ್ರಿ,” ಎಂದು ಸುಳ್ಳು ಹೇಳಿದೆ. ಅವರು ಮುಖ ತಿರುಗಿಸಿಕೊಂಡರು. “ನನ್ನ ಮೈ ನಂಗ ಗೊತ್ತಿಲ್ಲಂತ ಮಾಡಿಯೇನು? ನೀ ಖರೇ ಹೇಳ್ತಿ ಅಂತ ನಾ ದಾರಿ ಕಾಯ್ತೇನಿ,” ಎಂದರು. ಆಗಲೇ ಮಾತು ತೊದಲುತ್ತಿತ್ತು.

ಒಂದು ಮುಂಜಾನೆ ಆಪಾ ಚಮಚದಲ್ಲಿ ಚಹಾ ಕುಡಿಸುತ್ತಿದ್ದರು. ನಾನು ಎದುರಿಗೆ ಕೂತಿದ್ದೆ. ಗುಟುಕು ತಪ್ಪು ದಾರಿ ಹಿಡಿಯಿತು. ಮೇಡಂ ಕೆಮ್ಮಲು ಹೋದರು, ಕೆಮ್ಮುವ ಬಲವಿಲ್ಲ. ಎದೆಯಿಂದ ಬಂದದ್ದು ಸಣ್ಣದೊಂದು ಗೊರಗೊರ ಸದ್ದು. ಮುಖ ಕಪ್ಪಿಟ್ಟಿತು, ಕಣ್ಣು ಹೊರಗೆ ಬಂದವು. ಆಪಾ ಚಮಚ ಬಿಸುಟು “ಯಾ ಅಲ್ಲಾ” ಎನ್ನುತ್ತ ಬಾಗಿಲಿಗೆ ಓಡಿದರು. ನಾನು ಮೇಡಂ ಅವರನ್ನು ಮುಂದಕ್ಕೆ ಬಗ್ಗಿಸಿ, ಹಿಂದಿನಿಂದ ಪಕ್ಕೆಗಳ ಕೆಳಗೆ ಎರಡೂ ಅಂಗೈ ಕೊಟ್ಟೆ. ಬಲಗಡೆ ಉಬ್ಬು, ಎಡಗಡೆ ತಗ್ಗು. ಪುಸ್ತಕದಲ್ಲಿ ಹೇಳಿದ ಜಾಗ ಅವರ ಮೈಯಲ್ಲಿ ಇರಲಿಲ್ಲ. ಕೈ ಹುಡುಕಿತು. ಅವರು ಉಸಿರೆಳೆಯಲು ಒದ್ದಾಡುವುದು ಅಂಗೈಗೆ ತಿಳಿಯುತ್ತಿತ್ತು; ಆ ಎಳೆತದ ತುದಿಯಲ್ಲಿ ಒಳಕ್ಕೂ ಮೇಲಕ್ಕೂ ಒತ್ತಿದೆ. ಬರಲಿಲ್ಲ. ಮತ್ತೆ ಒತ್ತಿದೆ. ನನ್ನ ಕೈಯ ಕೆಳಗೆ ಪಕ್ಕೆಲುಬು ಕಿರುಗುಟ್ಟಿತು, ಮುರಿದೆನೇನೋ ಅಂದುಕೊಂಡೆ. ಮತ್ತೆ ಒತ್ತಿದೆ. ಚಹಾ ಹೊರಗೆ ಚಿಮ್ಮಿತು. ಉಸಿರು ಸೀಟಿ ಹೊಡೆಯುತ್ತ ಒಳಗೆ ಹೋಯಿತು.

ಅವರ ಬೆನ್ನು ನನ್ನ ಎದೆಗೆ ಒರಗಿತ್ತು. ಆಮೇಲೆ ಅವರು ಒಂದೊಂದೇ ಅಕ್ಷರ ಎತ್ತಿಟ್ಟಂತೆ ಹೇಳಿದರು: “ನಂಗ... ಅಂಜಿಕಿ... ಆಕ್ಕೈತಿ... ಬೇ.”

ಅಂಜಬೇಡಿ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. “ನಂಗೂ ಆಕ್ಕೈತ್ರಿ,” ಎಂದೆ. ಅಂಗೈಯನ್ನು ಪಕ್ಕೆಯ ಮೇಲಿಂದ ತೆಗೆಯಲಿಲ್ಲ. ಅವರು ಉಸಿರು ಎಳೆದಾಗ ನಾನೂ ಎಳೆದೆ, ಬಿಟ್ಟಾಗ ಬಿಟ್ಟೆ. ಬರಬರುತ್ತ ಅವರ ಉಸಿರು ನಿಧಾನಕ್ಕೆ ಇಳಿಯಿತು. ಅಂಜಿಕಿಯ ಆ ಮಾತೇ ಅವರ ಬಾಯಿಂದ ನಾನು ಕೇಳಿದ ಕೊನೆಯ ಪೂರ್ತಿ ಮಾತು. ಮುಂದೆ ಕಣ್ಣು ಮಾತ್ರ ಉಳಿಯಿತು. ಕಣ್ಣಿನಿಂದಲೂ ಅವರು ಗದರಿಸಬಲ್ಲವರಾಗಿದ್ದರು.

ಇವತ್ತಿಗೂ ಯಾರ ಮೈಮೇಲೆ ಕೈಯಿಡುವ ಮೊದಲೂ ನನಗೆ ಒಂದು ಕ್ಷಣ ಹೆದರಿಕೆಯಾಗುತ್ತದೆ. ಅದು ಹೋಗಲಿ ಎಂದು ನಾನು ಬೇಡುವುದಿಲ್ಲ. ಆ ಒಂದು ಕ್ಷಣದಿಂದಾಗಿಯೇ ನಡೆದಾಡುತ್ತಿರುವ ಕೆಲವರು ಈ ಊರಿನಲ್ಲಿದ್ದಾರೆ. ಅವರಿಗೆ ಮೇಡಂ ಯಾರೆಂದೂ ಗೊತ್ತಿಲ್ಲ.

ಮೇಡಂ ತೀರಿಕೊಂಡ ದಿನ ಆಪಾ ಬೆಳಿಗ್ಗೆ ಫೋನ್ ಮಾಡಿದರು. ಹೋದಾಗ ಕೋಣೆಯಲ್ಲಿ ಹೆಚ್ಚು ಜನರಿರಲಿಲ್ಲ. ನಾನು ಹೊಸ್ತಿಲ ಹತ್ತಿರವೇ ನಿಂತೆ. ಒಳಗೆ ಹೋಗಬಹುದೋ, ಮುಟ್ಟಬಹುದೋ ನನಗೆ ತಿಳಿಯದು. ಆಪಾ ನನ್ನ ಕೈ ಹಿಡಿದು ಒಳಗೆ ಕರೆದರು.

“ನೀರ ಹಾಕಾಕ ಹೆಣ್ಮಕ್ಕಳು ಬರೂದ್ರಾಗ ಇದ್ದಾರ. ಇಕಿ ಬೆರಳ ನೋಡ ಯವ್ವಾ, ಹ್ಯಾಂಗ ಮುದುಡ್ಯಾವ. ತೊಳಿಯೂ ಮುಂದ ಯಾರರ ಜಗ್ಗಿದ್ರ ಮುರದಾವಂತ ನಂಗ ಅಂಜಿಕಿ. ನೀ ಬಿಡಸ್ತಿಯೇನು?”

ಮಂಚದ ಪಕ್ಕ ಕೂತೆ. ತಿಂಗಳುಗಟ್ಟಲೆ ಮಡಚಿಕೊಂಡೇ ಇದ್ದ ಬೆರಳುಗಳು ಅಂಗೈಯೊಳಗೆ ಬಿಗಿದಿದ್ದವು. ಮೊದಲು ಮಣಿಕಟ್ಟನ್ನು ತುಸು ಒಳಕ್ಕೆ ಬಗ್ಗಿಸಿದೆ. ಹಾಗೆ ಮಾಡಿದರೆ ಬೆರಳಿನ ಬಿಗಿತ ಸಡಿಲಾಗುತ್ತದೆ. ಕಿರುಬೆರಳಿನ ಬುಡದ ಗಂಟು ಹಿಡಿದು, ಮುಂದಿನ ಗಂಟನ್ನು ಒಂದು ಅಕ್ಕಿಕಾಳಿನಷ್ಟು ತೆರೆದು ಕೈ ತಡೆದೆ. ಮೈ ಮುಟ್ಟುವ ಈ ಕೆಲಸದಲ್ಲಿ ನಾನು ಯಾವಾಗಲೂ ನೋಡುವುದು ಎದುರಿಗಿದ್ದವರ ಮುಖವನ್ನು. ಹುಬ್ಬು ಎಲ್ಲಿ ಗಂಟಾಯಿತು, ಉಸಿರು ಎಲ್ಲಿ ತಡೆಯಿತು ಎಂದು ನೋಡಿ ಕೈ ನಿಲ್ಲಿಸುವುದು. ಈಗಲೂ ಮುಖ ನೋಡಿದೆ. ಆ ಮುಖ ಏನೂ ಹೇಳಲಿಲ್ಲ. ಎಷ್ಟು ತೆರೆದರೆ ಸಾಕು, ಎಲ್ಲಿ ನಿಲ್ಲಬೇಕು, ಹೇಳುವವರಿಲ್ಲ.

“ನೋವಾಕ್ಕೈತೇನ್ರಿ ಮೇಡಂ?” ಎಂದುಬಿಟ್ಟೆ.

ಬಾಗಿಲ ಬಳಿ ನಿಂತಿದ್ದ ಆಪಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ, “ಇಲ್ಲ ಯವ್ವಾ. ಮಾಡು,” ಎಂದರು.

ನಾನು ಮುಂದಿನ ಬೆರಳು ಹಿಡಿದೆ.